ಡಿಶ್ ಬಿಚ್ಚುವ ಮೊದಲು ಒಂದು ಗೆರೆ ಎಳೆಯಿರಿ

ಮನೆ ಖಾಲಿ ಮಾಡುವಾಗ ಫ್ರಿಜ್ಜಿಗೆ ಕಂಬಳಿ ಸುತ್ತುತ್ತೇವೆ. ಟಿವಿಯನ್ನು ಎರಡು ಹಾಸಿಗೆಗಳ ನಡುವೆ ಇಡುತ್ತೇವೆ. ಡಿಶ್ ಮಾತ್ರ ಕೊನೆಯಲ್ಲಿ ಗಾಡಿ ಹತ್ತುತ್ತದೆ, ಅದರ ಮೇಲೊಂದು ಮಂಚದ ಕಾಲು ಕೂರುತ್ತದೆ. ಹೊಸ ಜಾಗದಲ್ಲಿ ಚಿತ್ರ ಬರದಿದ್ದರೆ ಡಿಶ್ ಹಳೇದಾಯ್ತು ಅಂತ ಹೊಸದು ತರುತ್ತೇವೆ. ಹಾಗೆ ಬಿಸಾಡಿದ ಡಿಶ್‌ಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಕೇಬಲ್ಲಿನ ತುದಿ, ಇಲ್ಲವೇ ವಾಲಿರುವುದು ಕಂಬ.

ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಕೊಯ್ಲಿನ ದಿನಗಳಲ್ಲಿ ನಾವು ತೋಟದ ಮನೆಯಲ್ಲೇ ಇರುತ್ತೇವೆ, ಡಿಶ್ ಕೂಡ ನಮ್ಮ ಜೊತೆ ಬರುತ್ತದೆ. ಕೊಯ್ಲು ಮುಗಿದ ಮೇಲೆ ಊರಿನ ಮನೆಗೆ ವಾಪಸ್. ಕೊಯ್ಲಿಗೆ ಬರುವ ಕುಟುಂಬಗಳೂ ತಮ್ಮ ಡಿಶ್ ಹೊತ್ತೇ ಬರುತ್ತವೆ. ವರ್ಷ ವರ್ಷ ಇದನ್ನು ಬಿಚ್ಚಿ ಕಟ್ಟಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಮ್ಮದು ಡಿಡಿ ಫ್ರೀ ಡಿಶ್. ಪ್ರಸಾರ ಭಾರತಿ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರು ಮಾಡಿದ್ದು ಇದನ್ನೇ. ತಿಂಗಳ ಬಾಡಿಗೆ ಇಲ್ಲ. ಬೇರೆ ಕಂಪನಿಯ ಡಿಶ್ ಆದರೆ ತಿರುಗಿಸುವ ದಿಕ್ಕು ಬೇರೆ ಇರಬಹುದು, ಉಳಿದ ಕೆಲಸ ಎಲ್ಲಾ ಒಂದೇ.

ಎಲ್ಲಿಗೆ ನೋಡುತ್ತದೆ ಇದು?

ಫ್ರೀ ಡಿಶ್ ಚಾನೆಲ್‌ಗಳು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿದ್ದು. ಸಮಭಾಜಕದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಇಸ್ರೋದ ಇಂಥ ಉಪಗ್ರಹಗಳನ್ನು ಕಾಯುವ ಮುಖ್ಯ ಕೇಂದ್ರ ಇರುವುದು ನಮ್ಮ ಹಾಸನದಲ್ಲೇ. ತೋಟದ ಅಂಗಳದಲ್ಲಿ ಡಿಶ್ ತಿರುಗಿಸುವಾಗ ಇದು ನೆನಪಾದರೆ ನನಗೆ ಈಗಲೂ ಖುಷಿಯಾಗುತ್ತದೆ.

ಕರ್ನಾಟಕದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿಗಿದೆ. ದಿಕ್ಸೂಚಿಯಲ್ಲಿ ಬೆಂಗಳೂರಿಗೆ 128 ಡಿಗ್ರಿ, ಮಂಗಳೂರಿಗೆ 123, ಬೀದರ್‌ಗೆ 137. ಎತ್ತರದ ಕೋನ ಬೆಂಗಳೂರಲ್ಲಿ 66, ಮಂಗಳೂರಲ್ಲಿ 64ರ ಹತ್ತಿರ, ಬೆಳಗಾವಿಯಲ್ಲಿ 61. ಅಂದರೆ ಉಪಗ್ರಹ ನಮ್ಮ ತಲೆಯ ಮೇಲೆ ಸಾಕಷ್ಟು ಎತ್ತರದಲ್ಲೇ ಇದೆ. ಆದರೆ ಡಿಶ್‌ನ ಮುಖ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ, ಅಲ್ವಾ? ಇದು ಆಫ್‌ಸೆಟ್ ಡಿಶ್. ಮುಖ ನೋಡುವುದಕ್ಕಿಂತ ಇಪ್ಪತ್ತಕ್ಕೂ ಜಾಸ್ತಿ ಡಿಗ್ರಿ ಮೇಲಿನಿಂದ ಬರುವ ಸಿಗ್ನಲ್ ಹಿಡಿಯುತ್ತದೆ. ಇದು ಗೊತ್ತಿಲ್ಲದೆ ಡಿಶ್‌ನ್ನು ಆಕಾಶಕ್ಕೆ ಮಲಗಿಸಿ ಇಡೀ ದಿನ ಕಳೆದವರನ್ನು ಕಂಡಿದ್ದೇನೆ.

ಮೇಲಿನ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಬೆಂಗಳೂರಿನಿಂದ ಮಂಗಳೂರಿಗೆ ಹೋದರೂ ಎತ್ತರ ಬದಲಾಗುವುದು ಎರಡೂವರೆ ಡಿಗ್ರಿ. ಹಾಗಿದ್ದ ಮೇಲೆ ಒಂದೇ ಜಿಲ್ಲೆಯೊಳಗೆ ಸಾಗಿಸುವಾಗ ಎತ್ತರದ ಬೋಲ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ) ತಿರುಗಿಸುವುದೂ ಬೇಡ. ಕಂಬ ನೆಟ್ಟಗಿದ್ದರೆ ಡಿಶ್‌ನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದೊಂದೇ ಕೆಲಸ.

ಆದ್ದರಿಂದಲೇ ಬಿಚ್ಚುವ ಮೊದಲು ಗೆರೆ ಎಳೆಯಬೇಕು. ಪರ್ಮನೆಂಟ್ ಮಾರ್ಕರ್ ಅಥವಾ ಉಗುರಿನ ಬಣ್ಣ ಸಾಕು. ಎತ್ತರದ ಸ್ಕೇಲಿನಲ್ಲಿ ಬೋಲ್ಟ್ ನಿಂತಿರುವ ಜಾಗಕ್ಕೆ ಒಂದು ಗೆರೆ. ಎಲ್‌ಎನ್‌ಬಿ ಮತ್ತು ಅದನ್ನು ಹಿಡಿದ ಕ್ಲಾಂಪ್ ಎರಡರ ಮೇಲೂ ಹಾಯುವಂತೆ ಇನ್ನೊಂದು. ಕಂಬದಿಂದ ಬಿಡಿಸಲು ಹಿಂದಿನ ಕ್ಲಾಂಪಿನ ಎರಡು ನಟ್ಟು ಸಡಿಲಿಸಿ, ಅಷ್ಟೇ. ಎಲ್‌ಎನ್‌ಬಿ ತೋಳನ್ನು ಬಿಚ್ಚಲೇಬೇಕಾದರೆ ಬೋಲ್ಟುಗಳನ್ನು ಅದರದ್ದೇ ತೂತಿಗೆ ವಾಪಸ್ ಹಾಕಿಡಿ. ಗಾಡಿಯಲ್ಲಿ ಡಿಶ್ ನಿಂತೇ ಹೋಗಲಿ, ಅದರ ಮೇಲೆ ಭಾರ ಬೇಡ.

ಸೊಟ್ಟಗಾಗಿದೆಯಾ ನೋಡಿ

ಡಿಶ್‌ನ ಅಂಚಿಗೆ ಎರಡು ದಾರ ಕಟ್ಟಿ. ಒಂದು ಮೇಲಿಂದ ಕೆಳಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ, ಬಿಗಿಯಾಗಿ. ನಡುವೆ ದಾರಗಳು ಒಂದಕ್ಕೊಂದು ಮೆಲ್ಲಗೆ ತಾಗಬೇಕು. ನಡುವೆ ಸಂದು ಕಂಡರೆ, ಇಲ್ಲವೇ ಒಂದು ದಾರ ಇನ್ನೊಂದನ್ನು ಒತ್ತಿ ಹಿಡಿದರೆ ಡಿಶ್ ತಿರುಚಿದೆ ಎಂದರ್ಥ. ಈ ಸಿಗ್ನಲ್ಲಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಹಾಗಾಗಿ ಕೆಲವೇ ಮಿಲಿಮೀಟರ್ ಉಬ್ಬು ತಗ್ಗೂ ಲೆಕ್ಕಕ್ಕೆ ಬರುತ್ತದೆ. ತಿರುಚಿದ್ದನ್ನು ಎದುರು ಅಂಚುಗಳನ್ನು ಹಿಡಿದು ಮೆಲ್ಲಗೆ ಬಾಗಿಸಿ, ಮತ್ತೆ ದಾರ ನೋಡಿ. ತಗಡು ಮಡಿಚಿ ಗೀರು ಬಿದ್ದಿದ್ದರೆ ಮಾತ್ರ ಬಿಟ್ಟುಬಿಡಿ. ಸುತ್ತಿಗೆಯಿಂದ ಬಡಿದರೆ ಇನ್ನೂ ಕೆಡುತ್ತದೆ.

ತುಕ್ಕು ಕಂಡಲ್ಲಿ ಉಜ್ಜುಕಾಗದ ಹಾಕಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಹೊಳಪಿಲ್ಲದ ಬೂದು ಬಣ್ಣ ತೆಳ್ಳಗೆ ಬಳಿಯಿರಿ. ಹೊಳೆಯುವ ಬಣ್ಣ ಬೇಡವೇ ಬೇಡ. ಬಿಸಿಲನ್ನೂ ಒಟ್ಟುಗೂಡಿಸಿ ಎಲ್‌ಎನ್‌ಬಿ ಮೇಲೆ ಬಿಡುತ್ತದೆ.

ಕೇಬಲ್ಲಿನ ತುದಿ

ಹೋದ ಕೊಯ್ಲಿನಲ್ಲಿ ಲೈನ್ ಮನೆಯ, ಅಂದರೆ ಕೆಲಸಗಾರರ ಸಾಲುಮನೆಯ, ಹುಡುಗನೊಬ್ಬ ಡಿಶ್ ಹೊತ್ತು ತಂದ. "ಅಕ್ಕಾ, ಇದು ಹೋಯ್ತಲ್ವಾ?" ಎಂದು ಕೇಳಿದ. ಡಿಶ್ ಸರಿಯಾಗಿಯೇ ಇತ್ತು. ಎಲ್‌ಎನ್‌ಬಿಯಿಂದ ಕನೆಕ್ಟರ್ ಬಿಚ್ಚಿದೆ, ಒಳಗೆ ಹಸಿರು ಕಿಲುಬು. ಕೇಬಲ್ಲನ್ನು ಒಂದು ಗೇಣು ಕತ್ತರಿಸಿದೆ. ಒಳಗಿನ ಜಾಲರಿ ಕಪ್ಪಗಿತ್ತು. ಇನ್ನೊಂದು ಗೇಣು ಕತ್ತರಿಸಿದಾಗ ಒಂದು ಹನಿ ನೀರು ನನ್ನ ಅಂಗೈಗೆ ಬಿತ್ತು. ಮೂರನೇ ಸಲ ಕತ್ತರಿಸಿದ ಮೇಲೆ ತಂತಿ ಫಳಫಳ ಹೊಳೆಯಿತು. ಮಳೆಗಾಲವಿಡೀ ಜಾಲರಿ ದೀಪದ ಬತ್ತಿಯಂತೆ ನೀರು ಎಳೆದುಕೊಂಡಿತ್ತು. ತುದಿಗೆ ಹೊಸ ಕನೆಕ್ಟರ್ ಹಾಕಿದರೂ ಒಳಗೆ ಕಪ್ಪಾದ ಕೇಬಲ್ ಉಳಿದರೆ ಉಪಯೋಗವಿಲ್ಲ. ಹೊಳಪು ಕಾಣುವವರೆಗೆ ಕತ್ತರಿಸಲೇಬೇಕು.

ಕೆಲಸಕ್ಕೆ ಮೊದಲು ಸೆಟ್‌ಟಾಪ್ ಬಾಕ್ಸಿನ ಪ್ಲಗ್ ಕೀಳಿ. ಈ ಕೇಬಲ್ಲಿನಲ್ಲಿ ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಕರೆಂಟೂ ಹರಿಯುತ್ತದೆ. ನಮಗೆ ಶಾಕ್ ಹೊಡೆಯುವಷ್ಟಲ್ಲ, ಆದರೆ ತಂತಿ ಜಾಲರಿಗೆ ತಾಗಿ ಶಾರ್ಟ್ ಆದರೆ ಬಾಕ್ಸ್ ಸುಡಬಹುದು. ಹೊರಗಿನ ಕಪ್ಪು ಸಿಪ್ಪೆಯನ್ನು ಬೆರಳಗಲ ಸುಲಿಯಿರಿ. ಜಾಲರಿಯನ್ನು ಒಂದು ಎಳೆಯೂ ಬಿಡದೆ ಹಿಂದಕ್ಕೆ ಮಡಿಸಿ. ಬಿಳಿ ಸಿಪ್ಪೆ ತೆಗೆದು, ಕನೆಕ್ಟರ್ ತಿರುಗಿಸಿ ಹಾಕಿ. ನಡುವಿನ ತಾಮ್ರದ ತಂತಿ ಕನೆಕ್ಟರಿನ ಬಾಯಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಬಂದರೆ ಸರಿ. ಎಲ್‌ಎನ್‌ಬಿಗೆ ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಒಂದಿಷ್ಟೇ. ಮೇಲೆ ರಬ್ಬರ್ ಟೇಪನ್ನು ಎಳೆದು ಎಳೆದು, ಕೆಳಗಿಂದ ಮೇಲಕ್ಕೆ ಹೆಂಚು ಹೊದಿಸಿದಂತೆ ಸುತ್ತಿ. ಬರೀ ಇನ್ಸುಲೇಷನ್ ಟೇಪ್ ಎರಡು ಮಳೆಗೇ ಬಿಚ್ಚಿಕೊಳ್ಳುತ್ತದೆ. ಕೇಬಲ್ ಮನೆಯೊಳಗೆ ಬರುವ ಮೊದಲು ಕೆಳಕ್ಕೊಂದು ಬಳಸು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಎಲ್‌ಎನ್‌ಬಿಯ ಬಾಯಿಗಿರುವ ಪ್ಲಾಸ್ಟಿಕ್ ಮುಚ್ಚಳವನ್ನೂ ನೋಡಿ. ಕುಂಬಾರ ಹುಳು ಅಲ್ಲಿ ಮಣ್ಣು ಮೆತ್ತುವುದುಂಟು. ಒದ್ದೆ ಬಟ್ಟೆಯಲ್ಲಿ ಒರೆಸಿ, ಚಾಕು ಹಾಕಬೇಡಿ. ಮುಚ್ಚಳ ಒಡೆದು ಒಳಗೆ ನೀರು ಹೋಗಿದ್ದರೆ ಎಲ್‌ಎನ್‌ಬಿಯನ್ನೇ ಬದಲಿಸುವುದು ಒಳ್ಳೆಯದು.

ಹೊಸ ಜಾಗದಲ್ಲಿ ನಿಲ್ಲಿಸುವುದು

ನಾವು ಹಳೇ ಟೈರಿನೊಳಗೆ ಕಾಂಕ್ರೀಟ್ ತುಂಬಿ ನಡುವೆ ಒಂದೂವರೆ ಇಂಚಿನ ಪೈಪ್ ನಿಲ್ಲಿಸಿದ್ದೇವೆ. ತೋಟದಲ್ಲೊಂದು, ಊರಲ್ಲೊಂದು. ಪೈಪಿಗೆ ಎರಡು ಕಡೆಯಿಂದ ರಸಮಟ್ಟ ಹಿಡಿದು ನೋಡಿ. ಅದಿಲ್ಲದಿದ್ದರೆ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟರೂ ಆಯಿತು. ಪೈಪ್ ವಾಲಿದರೆ ನೀವು ಕಾಪಾಡಿ ತಂದ ಎತ್ತರದ ಗೆರೆ ಸುಳ್ಳಾಗುತ್ತದೆ. ವಿದ್ಯುತ್ ತಂತಿಯಿಂದ ದೂರವಿರಿ, ಪೈಪ್ ಬಿದ್ದರೂ ತಾಗದಷ್ಟು ದೂರ.

ಆಗ್ನೇಯಕ್ಕೆ ಮರ ಇದೆಯೇ? ಉಪಗ್ರಹ ಎತ್ತರದಲ್ಲಿರುವುದರಿಂದ 20 ಅಡಿ ದೂರದ ಮರ ಡಿಶ್‌ಗಿಂತ 30 ಅಡಿ ಎತ್ತರವಿದ್ದರೂ ಅಡ್ಡ ಬರುವುದಿಲ್ಲ. ಸಿಲ್ವರ್ ಓಕ್ ಪಕ್ಕದಲ್ಲೇ ಇದ್ದರೆ ಮಾತ್ರ ಜಾಗ ಬದಲಿಸಿ. ದಿಕ್ಸೂಚಿಯನ್ನು ಡಿಶ್‌ನಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ, ಕಬ್ಬಿಣ ಅದರ ಮುಳ್ಳನ್ನು ಎಳೆಯುತ್ತದೆ.

ಈಗ ತಾಳ್ಮೆಯ ಕೆಲಸ. 60 ಸೆಂಟಿಮೀಟರ್ ಡಿಶ್ ಹಿಡಿಯುವ ಅಗಲ ಸುಮಾರು 3 ಡಿಗ್ರಿ. ಪೈಪಿನ ಮೇಲೆ ಅದು ಬರೀ ಒಂದು ಮಿಲಿಮೀಟರ್! ಡಿಶ್‌ನ ಅಂಚಿನಲ್ಲಿ ಒಂದೂವರೆ ಸೆಂಟಿಮೀಟರ್. ಹಾಗಾಗಿ ಅಂಚು ಹಿಡಿದು ಅರ್ಧ ಬೆರಳಗಲ ತಿರುಗಿಸಿ, ಕೈ ಬಿಡಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಬಾಕ್ಸಿಗೆ ಸಿಗ್ನಲ್ ಗುರುತಿಸಲು ಅಷ್ಟು ಹೊತ್ತು ಬೇಕು. ಸಿಗಲಿಲ್ಲವಾ, ಇನ್ನರ್ಧ ಬೆರಳು. ಟಿವಿ ಪರದೆಯ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್ ನೋಡಿ ಮೋಸ ಹೋಗಬೇಡಿ, ಡಿಶ್ ಗೋಡೆ ನೋಡುತ್ತಿದ್ದರೂ ಅದು ಏರಿರಬಹುದು. ನೋಡಬೇಕಾದ್ದು ಕ್ವಾಲಿಟಿ. ಪಕ್ಕದಲ್ಲೇ, 95 ಡಿಗ್ರಿಯಲ್ಲಿ, ಬೇರೆ ಉಪಗ್ರಹ ಇದೆ. ಆದ್ದರಿಂದ ಡಿಡಿ ಚಂದನ ಪರದೆಗೆ ಬರುವವರೆಗೆ ಸಿಕ್ಕಿತು ಅನ್ನಬೇಡಿ.

ಸಿಕ್ಕಿದ ಮೇಲೆ ನಟ್ಟುಗಳನ್ನು ಒಂದಾದ ಮೇಲೊಂದು ಕಾಲು ಸುತ್ತಿನಂತೆ ಬಿಗಿ ಮಾಡಿ. ಒಂದೇ ಕಡೆ ಬಿಗಿದರೆ ಡಿಶ್ ಜರುಗುತ್ತದೆ. ಎಲ್ಲಾ ಸರಿಯಿದ್ದೂ ಏನೂ ಬರದಿದ್ದರೆ ಮಲ್ಟಿಮೀಟರ್ ತನ್ನಿ. ಬಾಕ್ಸ್ ಆನ್ ಮಾಡಿಸಿ, ಎಲ್‌ಎನ್‌ಬಿ ಕಡೆಯ ಕೇಬಲ್ ತುದಿಯಲ್ಲಿ ವೋಲ್ಟ್ ನೋಡಿ. ಮೀಟರಿನ ಮೊನೆ ನಡುವಿನ ತಂತಿಯಿಂದ ಜಾರಿ ಜಾಲರಿಗೆ ತಾಗದಂತೆ ಜೋಪಾನ. 13 ಅಥವಾ 18ರ ಹತ್ತಿರ ಇದ್ದರೆ ಅನುಮಾನ ಎಲ್‌ಎನ್‌ಬಿ ಮೇಲೆ. ಸೊನ್ನೆ ಇದ್ದರೆ ಕೇಬಲ್ ಅಥವಾ ಬಾಕ್ಸ್. ಗುಡುಗು ಕೇಳಿದರೆ ಕೇಬಲ್ಲನ್ನು ಬಾಕ್ಸಿನಿಂದ ಬಿಚ್ಚಿಡಿ.

ಇನ್ನೊಂದು ವಿಷಯ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಗ್ಗೆ 11 ಗಂಟೆ ಆಸುಪಾಸು, ಚಿತ್ರ ಕೆಲವು ನಿಮಿಷ ಒಡೆಯಬಹುದು. ಸೂರ್ಯ ಆಗ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ, ಅವನಿಂದ ಬರುವ ರೇಡಿಯೋ ಅಲೆಗಳ ಗದ್ದಲ ಸಿಗ್ನಲ್ಲನ್ನು ಮುಳುಗಿಸುತ್ತದೆ. ಆಗ ಸ್ಪ್ಯಾನರ್ ಎತ್ತಿಕೊಂಡು ಓಡಬೇಡಿ. ಸುಮ್ನೆ ಅಂಗಳಕ್ಕೆ ಹೋಗಿ ಎಲ್‌ಎನ್‌ಬಿ ಕಡೆ ನೋಡಿ. ಡಿಶ್‌ನಿಂದ ಚಿಮ್ಮಿದ ಬಿಸಿಲು ಅದರ ಬಾಯಿಯ ಮೇಲೇ ಕೂಡಿ ಬಿದ್ದಿದ್ದರೆ ನೀವು ಕಟ್ಟಿದ್ದು ಸರಿಯಾಗಿದೆ. ಆ ಹೊತ್ತಿನಲ್ಲಿ ಡಿಶ್ ಮೇಲೆ ಯಾವುದಾದರೂ ಕೊಂಬೆಯ ನೆರಳು ಕಂಡರೆ, ಮಳೆಗಾಲಕ್ಕೆ ಮೊದಲು ಸವರಬೇಕಾದ ಕೊಂಬೆ ಅದೇ.