ಡಯಾಬ್ಲೊ 2ರಲ್ಲಿ ಒಳ್ಳೆ ಐಟಂ ಬೇಕಾ? ಏಳು ಟೋಪಾಜ್ ಸಾಕು

ಡಯಾಬ್ಲೊ 2 ಕಂಪ್ಯೂಟರ್ ಆಟದಲ್ಲಿ ನನ್ನ ಮಾಟಗಾತಿ ಪಾತ್ರ, ಸಾರ್ಸರೆಸ್‌ಗೆ ಒಮ್ಮೆ 400% ಮ್ಯಾಜಿಕ್ ಫೈಂಡ್ (ಒಳ್ಳೆ ಐಟಂ ಬೀಳುವ ಸಾಧ್ಯತೆ ಏರಿಸುವ ಗುಣ) ಇತ್ತು. ಉಂಗುರ, ಗ್ಲೌಸ್, ಬೂಟ್ಸ್ ಎಲ್ಲ ಅದಕ್ಕೇ ಮೀಸಲು. ಆದರೆ ಬಾಸ್ ಮೆಫಿಸ್ಟೋನನ್ನು ಕೊಲ್ಲೋಕೆ ಮೊದಲಿಗಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತಿತ್ತು, ಯೂನಿಕ್ ಅನ್ನೋ ಅಪರೂಪದ ಐಟಂ ಮಾತ್ರ ಜಾಸ್ತಿ ಬೀಳಲಿಲ್ಲ. ಯಾಕೆ ಅಂತ ಲೆಕ್ಕ ಹಾಕಿದ ಮೇಲೆ ನನ್ನ ಆಟವೇ ಬದಲಾಯಿತು.

ಪರದೆಯ ಮೇಲೆ ಕಾಣುವ ಮ್ಯಾಜಿಕ್ ಫೈಂಡ್ ಯೂನಿಕ್‌ಗಳಿಗೆ ಪೂರ್ತಿ ಸಿಗುವುದಿಲ್ಲ. ಅದನ್ನು 250ರಿಂದ ಗುಣಿಸಿ. ಬಂದದ್ದನ್ನು, ಅದೇ ಮ್ಯಾಜಿಕ್ ಫೈಂಡ್‌ಗೆ 250 ಕೂಡಿಸಿದ ಮೊತ್ತದಿಂದ ಭಾಗಿಸಿ. 168% ಇದ್ದರೆ ಕೈಗೆ ಬರೋದು ಸುಮಾರು 100%, ಅಂದರೆ ಯೂನಿಕ್ ಆಗುವ ಸಾಧ್ಯತೆ ಎರಡು ಪಟ್ಟು. ನನ್ನ 400%ಗೆ ಬರುತ್ತಿದ್ದದ್ದು 154% ಅಷ್ಟೇ. ಮೂರು ಪಟ್ಟು ಬೇಕಂದರೆ 1000% ಬೇಕು! ಅಷ್ಟು ದೂರ ಓಡೋದು ಸುಮ್ನೆ ದಂಡ ಅಲ್ವಾ?

168%ಗೆ ಪರ್ಫೆಕ್ಟ್ ಅನ್ನೋ ಮೇಲಿನ ದರ್ಜೆಯ ಏಳು ಟೋಪಾಜ್ ರತ್ನ ಸಾಕು. ಒಂದೊಂದಕ್ಕೆ 24%. ನಾಲ್ಕು ಸಾಕೆಟ್ (ರತ್ನ ಕೂರಿಸುವ ಗುಳಿ) ಇರುವ ಆರ್ಮರ್‌ನಲ್ಲಿ ನಾಲ್ಕು, ಮೂರು ಸಾಕೆಟ್ ಹೆಲ್ಮೆಟ್‌ನಲ್ಲಿ ಮೂರು. ಸಣ್ಣ ಟೋಪಾಜ್‌ಗಳನ್ನು ಎಸೆಯಬೇಡಿ. ಒಂದೇ ದರ್ಜೆಯ ಮೂರನ್ನು ಐಟಂ ಬೆರೆಸುವ ಹೊರಾಡ್ರಿಕ್ ಕ್ಯೂಬ್‌ಗೆ ಹಾಕಿದರೆ ಮೇಲಿನ ದರ್ಜೆಯದು ಒಂದು ಬರುತ್ತದೆ.

ಉಳಿದ ಜಾಗವೆಲ್ಲ ವೇಗಕ್ಕೆ ಬಿಡಿ. ಸಾರ್ಸರೆಸ್‌ಗೆ ಫಾಸ್ಟರ್ ಕಾಸ್ಟ್ ರೇಟ್ (ಮಂತ್ರ ಹಾಕುವ ವೇಗ) 63% ಮುಟ್ಟಿಸಿ, ಸಾಧ್ಯವಾದರೆ 105%. ನಡುವೆ 80, 90ರಲ್ಲಿ ನಿಂತರೆ ಏನೂ ಲಾಭವಿಲ್ಲ, 63ಕ್ಕಿರುವ ವೇಗವೇ ಇರುತ್ತದೆ. ನನಗೆ ಹೆಚ್ಚು ಐಟಂ ತಂದುಕೊಟ್ಟಿದ್ದು ಈ ವೇಗದಲ್ಲಿ ಟೆಲಿಪೋರ್ಟ್ ಮಂತ್ರ ಹಾಕಿ ಜಿಗಿಯುತ್ತಾ ಹೋಗಿದ್ದೇ.

ಜಾಗದ ವಿಷಯ. ಅತಿ ಕಷ್ಟದ ಹಂತವಾದ ಹೆಲ್‌ನಲ್ಲಿ ಟಮೋ ಹೈಲ್ಯಾಂಡ್ ಪಕ್ಕದ ಪಿಟ್, ಲಾಸ್ಟ್ ಸಿಟಿ ಕೆಳಗಿನ ಏನ್ಷಿಯಂಟ್ ಟನಲ್ಸ್, ಎರಡೂ 85ನೇ ಲೆವೆಲ್ ಜಾಗಗಳು, ಅಂದರೆ ಅತ್ಯುತ್ತಮ ಐಟಂಗಳೂ ಬೀಳುವಂಥವು. ನಿಮ್ಮದು ಹಿಮದ ಮಂತ್ರ ಹಾಕುವ ಬ್ಲಿಝರ್ಡ್ ಸಾರ್ಸರೆಸ್ ಆದರೆ ಟನಲ್ಸ್‌ಗೇ ಹೋಗಿ. ಅಲ್ಲಿನ ಮಾಮೂಲಿ ಶತ್ರುಗಳಲ್ಲಿ ಚಳಿ ತಟ್ಟದವರು ಯಾರೂ ಇಲ್ಲ.

ಸಾಕೆಟ್‌ಗೆ ಹಾಕುವ ರೂನ್ ಕಲ್ಲು ಹುಡುಕುತ್ತಿದ್ದೀರಾ? ಮ್ಯಾಜಿಕ್ ಫೈಂಡ್ ಅದಕ್ಕೆ ಚೂರೂ ಸಹಾಯ ಮಾಡುವುದಿಲ್ಲ. ಒಬ್ಬರೇ ಆಫ್‌ಲೈನ್ ಆಡುವಾಗ ಚಾಟ್‌ನಲ್ಲಿ ಪ್ಲೇಯರ್ಸ್ ಕಮಾಂಡ್ (/players 3 ಹೀಗೆ) ಕೊಟ್ಟು ಆಟಗಾರರ ಸಂಖ್ಯೆ ಏರಿಸಿ. ಆಗ ಶತ್ರು ಸತ್ತರೂ ಏನೂ ಬೀಳದೆ ಹೋಗುವುದು ಕಡಿಮೆಯಾಗುತ್ತದೆ. ಆದರೆ 3, 5, 7 ಇವುಗಳಲ್ಲೇ ಇಡಿ. 7 ಮತ್ತು 8ಕ್ಕೆ ಬೀಳುವುದರಲ್ಲಿ ವ್ಯತ್ಯಾಸವಿಲ್ಲ, ಶತ್ರುವಿನ ಜೀವ ಮಾತ್ರ ಏರುತ್ತದೆ. ಮೆಫಿಸ್ಟೋಗೆ ನಾನು 3ಕ್ಕಿಂತ ಮೇಲೆ ಹೋಗುವುದಿಲ್ಲ.

ಇನ್ನೊಂದು ವಿಷಯ, ಗೆಳೆಯರ ಜೊತೆ ಆಡುವವರಿಗೆ. ಕೊನೆಯ ಏಟು ಯಾರದ್ದೋ ಅವರ ಮ್ಯಾಜಿಕ್ ಫೈಂಡ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕೂಲಿ ಸೈನಿಕ ಕೊಂದರೆ ಅವನದ್ದೂ ನಿಮ್ಮದೂ ಸೇರುತ್ತದೆ. ಹಾಗಾಗಿ ಬಾಸ್‌ನ ಜೀವ ತುದಿಗೆ ಬಂದಾಗ ಟೋಪಾಜ್ ತೊಟ್ಟವರಿಗೆ ಕೊನೆಯ ಏಟು ಬಿಟ್ಟುಕೊಡಿ.