ಗುಜರಿಯಲ್ಲಿ ಸಿಕ್ಕ ದೇವರ ಪಟ: ಕಲ್ಲಚ್ಚೋ, ಕ್ಯಾಲೆಂಡರೋ?

ತುಮಕೂರಿನ ಗುಜರಿ ಅಂಗಡಿಗಳಲ್ಲಿ ಹಳೇ ಪಟಕ್ಕೆ ಬೆಲೆ ಇಲ್ಲ, ಅದರ ಕಟ್ಟಿಗೆ, ಅಂದರೆ ಮರದ ಫ್ರೇಮಿಗೆ, ಇದೆ. ‘ಅಕ್ಕಾ, ಮರ ತೇಗದ್ದು, ನೋಡ್ಕೊಳ್ಳಿ’ ಅಂತಾರೆ. ಒಳಗಿರೋದು ಲಕ್ಷ್ಮಿಯೋ ಸರಸ್ವತಿಯೋ, ಅವರಿಗೆ ಲೆಕ್ಕಕ್ಕಿಲ್ಲ. ಮಂಡಿಪೇಟೆ, ಚಿಕ್ಕಪೇಟೆ ಕಡೆ ಹಳೇ ಮನೆ ಕೆಡವಿದಾಗ ಬಾಗಿಲು, ಕಿಟಕಿ, ಕಂಬದ ಜೊತೆ ಗೋಡೆಯ ಪಟಗಳೂ ಬರುತ್ತವೆ. ನಾನು ಹುಡುಕುವುದು ಅವುಗಳಲ್ಲಿ ಕಲ್ಲಚ್ಚಿನವನ್ನು, ಅಂದರೆ ಕಲ್ಲಿನ ಮೇಲೆ ಚಿತ್ರ ಮೂಡಿಸಿ ಕಾಗದಕ್ಕೆ ಒತ್ತಿದವನ್ನು (ಲಿಥೋಗ್ರಾಫ್), ಅದರಲ್ಲೂ ಚಿತ್ರಕಾರ ರಾಜಾ ರವಿವರ್ಮರ ಪ್ರೆಸ್ಸಿನವನ್ನು. ಅರಳಿಕಟ್ಟೆ ಮೇಲೆ ಬಿಟ್ಟುಹೋದ ಪಟಗಳನ್ನು ಮಾತ್ರ ಮುಟ್ಟುವುದಿಲ್ಲ. ಎಷ್ಟೇ ಹಳೆಯದಿರಲಿ, ಅವು ನನ್ನ ಸಂಗ್ರಹಕ್ಕಲ್ಲ.

ಅಂಗಡಿಯಲ್ಲೇ ಭೂತಕನ್ನಡಿ ಹಿಡಿಯುತ್ತೇನೆ. ಚಿನ್ನದ ಕೆಲಸದವರು ಕಣ್ಣಿಗೆ ಒತ್ತಿಕೊಳ್ಳುತ್ತಾರಲ್ಲ, ಆ ಥರದ್ದು. ನೋಡಬೇಕಾದ್ದು ದೇವಿಯ ಕೆನ್ನೆ. ಬಣ್ಣ ತಿಳಿಯಾಗಿರುವ ಕಡೆ ಅಚ್ಚಿನ ಗುಟ್ಟು ಬೇಗ ಬಯಲಾಗುತ್ತದೆ. ಚುಕ್ಕಿಗಳು ಅಳತೆ ಹಿಡಿದಂತೆ ಸಾಲಾಗಿ, ನೀಲಿ, ಕೆಂಪು, ಹಳದಿ, ಕಪ್ಪು ಅಂತ ನಾಲ್ಕೇ ಬಣ್ಣದಲ್ಲಿ ಕೂತಿದ್ದರೆ ಅದು ಆಫ್‌ಸೆಟ್. ಅಂದರೆ ಈಚಿನ ಕ್ಯಾಲೆಂಡರ್. ಕಲ್ಲಚ್ಚಿನಲ್ಲಿ ಚುಕ್ಕಿಗಳು ರಾಗಿ ಚೆಲ್ಲಿದ ಹಾಗೆ, ಒಂದು ದಪ್ಪ, ಒಂದು ಸಣ್ಣ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಆ ಕಲ್ಲುಗಳಿಂದ ಒಂದರ ಮೇಲೊಂದು ಬಣ್ಣ ಒತ್ತುತ್ತಿದ್ದರು. ಹಾಗಾಗಿ ಗುಲಾಬಿ, ಕಂದು, ತಿಳಿನೀಲಿ ಎಲ್ಲವೂ ಬೇರೆ ಬೇರೆ ಶಾಯಿಯಾಗೇ ಕಾಣಬಹುದು. ಸೀರೆಯ ಅಂಚಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದ್ದರೆ ನನಗೆ ಖುಷಿ, ಬಣ್ಣಗಳನ್ನು ಬೇರೆ ಬೇರೆಯಾಗಿ ಒತ್ತಿದ್ದು ಅಲ್ಲಿ ಕಾಣುತ್ತದೆ. ಕೆಲವು ಪಟಗಳಿಗೆ ಮನೆಯವರು ಜರಿ, ಚಮಕಿ ಅಂಟಿಸಿರುತ್ತಾರೆ. ಕಿತ್ತು ‘ಸ್ವಚ್ಛ’ ಮಾಡುವವರನ್ನು ಕಂಡರೆ ನನಗಾಗದು.

ಆಮೇಲೆ ಹಿಂಬದಿ. ಮೊಳೆ ಬಿಚ್ಚಲು ಅಂಗಡಿಯವರನ್ನು ಒಪ್ಪಿಸುವುದೇ ಕಷ್ಟ, ಗಾಜು ಒಡೆದರೆ ನನ್ನ ಲೆಕ್ಕ ಅಂತ ಹೇಳಿಬಿಡುತ್ತೇನೆ. ಹಳೇ ಕಟ್ಟಿನ ಹಿಂದೆ ತೆಳು ಹಲಗೆಗಳಿರುತ್ತವೆ. ಹಲಗೆ ಹಲಗೆ ನಡುವಿನ ಸಂದು ಕಾಗದದ ಮೇಲೆ ಕಂದು ಗೆರೆಯಾಗಿ ಮೂಡಿದ್ದರೆ, ಪಟ ಅದೇ ಕಟ್ಟಿನಲ್ಲಿ ಬಹಳ ಕಾಲ ಇತ್ತು ಅನ್ನಬಹುದು. ಹಲಗೆಗೆ ಅಂಟಿಸಿದ ಪತ್ರಿಕೆಯನ್ನೂ ಓದಬೇಕು. ತಾರೀಕು ಹರಿದುಹೋಗಿದ್ದರೂ ಪ್ರಜಾವಾಣಿ ಅಂತ ಕಂಡರೆ, ಆ ಕಾಗದ ಅಂಟಿಸಿದ್ದು 1948ಕ್ಕಿಂತ ಹಿಂದೆ ಅಲ್ಲ, ಪತ್ರಿಕೆ ಶುರುವಾದದ್ದೇ ಆಗ. ಆದರೆ ಅದು ಕಟ್ಟು ಹಾಕಿಸಿದ ಕಾಲದ ಸುಳಿವು. ಪಟ ಅದಕ್ಕಿಂತ ಹಳೆಯದಿರಬಹುದು.

ನಿಜವಾದ ಸುಳಿವು ಕೆಳಗಿನ ಅಂಚಿನಲ್ಲಿ, ಕಟ್ಟಿನ ಮರದಡಿ ಅವಿತಿರುತ್ತದೆ. ಪ್ರೆಸ್ಸಿನ ಹೆಸರು, ಊರು ಅಲ್ಲೇ ಅಚ್ಚಾಗಿರುತ್ತವೆ. ರವಿವರ್ಮ ಪ್ರೆಸ್ ಶುರುವಾದದ್ದು 1894ರಲ್ಲಿ, ಮುಂಬೈಯ ಘಾಟ್ಕೋಪರ್‌ನಲ್ಲಿ. ಕೆಲವೇ ವರ್ಷಗಳಲ್ಲಿ ಲೋಣಾವಳದ ಹತ್ತಿರದ ಮಳವಳಿಗೆ ಹೋಯಿತು (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ). ಹಾಗಾಗಿ ಅಂಚಿನಲ್ಲಿ ಘಾಟ್ಕೋಪರ್ ಅಂತಿದ್ದರೆ ಮೊದಲ ವರ್ಷಗಳದ್ದು, ಕಾರ್ಲಾ (ಮಳವಳಿಯ ಪಕ್ಕದ ಊರು), ಲೋಣಾವಳ ಅಂತಿದ್ದರೆ ಆಮೇಲಿನದು. ಪ್ರೆಸ್ಸನ್ನು ಮುಂದೆ ಜರ್ಮನಿಯ ಫ್ರಿಟ್ಜ್ ಶ್ಲೈಶರ್ ಕೊಂಡರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅಚ್ಚು ಮಾತ್ರ ದಶಕಗಟ್ಟಲೆ ನಡೆಯಿತು. ಬೇರೆಯವರು ಬರೆದ ಚಿತ್ರಗಳೂ ಅಲ್ಲಿ ಅಚ್ಚಾದವು. ಪ್ರೆಸ್ಸಿನ ಹೆಸರು ಕಂಡ ತಕ್ಷಣ ‘ರವಿವರ್ಮರ ಒರಿಜಿನಲ್’ ಅನ್ನುವುದು ಸುಮ್ನೆ ಮಾತು. ಅಷ್ಟಕ್ಕೂ ಇವು ತೈಲಚಿತ್ರದ ಪ್ರತಿಗಳು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಕೈಯ ಚಿತ್ರಗಳನ್ನೇ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ತೊಂದರೆ ಏನಂದರೆ, ಕಟ್ಟಿಗೆ ಹೊಂದಲಿ ಅಂತ ಫ್ರೇಮ್ ಹಾಕುವವರು ಎಷ್ಟೋ ಸಲ ಆ ಅಂಚನ್ನೇ ಕತ್ತರಿಸಿರುತ್ತಾರೆ. ಅಂಥದ್ದು ಸಿಕ್ಕರೂ ತರುತ್ತೇನೆ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯುವುದಿಲ್ಲ, ನೀರು ತಾಗಿಸುವುದಿಲ್ಲ. ಹಲಗೆ ತೆಗೆದು ಆಮ್ಲವಿಲ್ಲದ ರಟ್ಟು ಇಡುತ್ತೇನೆ. ಬೇರೆ ಚೀಟಿಯಲ್ಲಿ ‘ಕಲ್ಲಚ್ಚು, ಸಿಕ್ಕಿದ್ದು ತುಮಕೂರು’ ಅಂತ ಬರೆಯುತ್ತೇನೆ. ಪ್ರೆಸ್ಸಿನ ಹೆಸರಿನ ಜಾಗ ಖಾಲಿ ಬಿಡುತ್ತೇನೆ.