ಇಂಗ್ಲೆಂಡಿನಲ್ಲಿ ಕಂಪನಿ ಮಾಡುವ ನಮ್ಮವರಿಗೆ, ಸಹಿ ಹಾಕುವ ಮುಂಚೆ

ಪ್ರತಿ ಯುಗಾದಿ, ಪ್ರತಿ ರಾಜ್ಯೋತ್ಸವದ ಊಟದಲ್ಲೂ ಹೊಸದಾಗಿ ಬಂದ ಯಾರಾದರೊಬ್ಬರು ಪಕ್ಕದಲ್ಲಿ ಕೂತು ಕೇಳುತ್ತಾರೆ: "ಅಕ್ಕಾ, ನಾವೂ ಒಂದು ಕಂಪನಿ ಮಾಡೋಣ ಅಂತಿದ್ದೀವಿ, ಏನೇನು ಬೇಕು?"

ಮಾಡುವುದು ಕಷ್ಟವಲ್ಲ. ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಕಂಪನೀಸ್ ಹೌಸ್‌ನ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಡೈರೆಕ್ಟರ್, ಷೇರಿನ ವಿವರ ತುಂಬಿ, ಡೈರೆಕ್ಟರ್‌ಗಳ ಗುರುತಿನ ಪರಿಶೀಲನೆ ಮುಗಿಸಿ, ಫೀಸು ಕಟ್ಟಿದರೆ ಆಯಿತು. ಕಂಪನಿಯ ವಿಳಾಸವಾಗಿ ಮನೆಯ ವಿಳಾಸ ಕೊಟ್ಟರೆ ಅದನ್ನು ಯಾರು ಬೇಕಾದರೂ ನೋಡಬಹುದು, ನೆನಪಿರಲಿ. ಸ್ಟೂಡೆಂಟ್ ವೀಸಾದಲ್ಲಿ ಇರುವವರು ಸ್ವಂತ ವ್ಯಾಪಾರ ಮಾಡುವಂತಿಲ್ಲ. ಸ್ಕಾಟ್ಲೆಂಡಿನ ಕಾನೂನು ಬೇರೆ. ನಾನು ಬರೆಯುತ್ತಿರುವುದು ಇಂಗ್ಲೆಂಡ್, ವೇಲ್ಸ್‌ನಲ್ಲಿ ಇರುವವರಿಗೆ. ಇಷ್ಟನ್ನು ಯಾವ ಅಕೌಂಟೆಂಟ್ ಆದರೂ ಹೇಳುತ್ತಾರೆ. ನನಗೆ ಯಾರೂ ಹೇಳದೇ ಹೋದದ್ದನ್ನು ನಿಮಗೆ ಹೇಳಬೇಕು.

ದಾವಣಗೆರೆಯಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಅಂಗಡಿಯ ಗಲ್ಲಾ, ಮನೆಯ ಖರ್ಚು ಎರಡೂ ಒಂದೇ. ಅಮ್ಮ ತರಕಾರಿಗೆ ದುಡ್ಡು ಕೇಳಿದರೆ ಅಪ್ಪ ಗಲ್ಲಾ ತೆರೆದು ಕೊಡುತ್ತಿದ್ದರು. ರೆಡಿಂಗ್‌ನಲ್ಲಿ ಚಟ್ನಿಪುಡಿ, ಗೊಜ್ಜು, ಮಧ್ಯಾಹ್ನದ ಊಟ ಮಾರುವ ಲಿಮಿಟೆಡ್ ಕಂಪನಿ ಶುರು ಮಾಡಿದ ಮೇಲೆ ನಾನೂ ಹಾಗೆಯೇ ನಡೆದುಕೊಂಡೆ. ತಂಗಿಯ ಮದುವೆಗೆ ಕಂಪನಿಯ ಖಾತೆಯಿಂದ 9,000 ಪೌಂಡ್ ಕಳಿಸಿದೆ. ವರ್ಷದ ಲೆಕ್ಕ ಬರೆಯುವಾಗ ಅಕೌಂಟೆಂಟ್ ಕೇಳಿದರು, "ಇದು ಸಂಬಳವಾ, ಡಿವಿಡೆಂಡಾ, ಸಾಲವಾ?" ನನ್ನ ದುಡ್ಡು ಅಂದೆ. "ನಿಮ್ಮದಲ್ಲ, ಕಂಪನಿಯದು," ಅಂದರು. ಅದು ನಾನು ಕಂಪನಿಯಿಂದ ತೆಗೆದುಕೊಂಡ ಸಾಲ ಎಂದು ಲೆಕ್ಕಕ್ಕೆ ಬಂತು. ವರ್ಷ ಮುಗಿದು ಒಂಬತ್ತು ತಿಂಗಳೊಳಗೆ ವಾಪಸು ಕಟ್ಟದಿದ್ದರೆ ಅದರ ಮೇಲೆ ಕಂಪನಿ ತೆರಿಗೆ ಕಟ್ಟಬೇಕು. ಆ ಹಣ ಹೊಂದಿಸಲು ನಾನು ಪಟ್ಟ ಪಾಡು ನಿಮಗೆ ಬೇಡ.

ಇದರ ಬೇರು 1896ರ ಒಂದು ತೀರ್ಪಿನಲ್ಲಿದೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬೂಟು ತಯಾರಿಸುತ್ತಿದ್ದ ಆರನ್ ಸಾಲೊಮನ್ ತಮ್ಮ ವ್ಯಾಪಾರವನ್ನು ತಾವೇ ಕಟ್ಟಿದ ಕಂಪನಿಗೆ ಮಾರಿದ್ದರು. 20,007 ಷೇರುಗಳಲ್ಲಿ 20,001 ಅವರವೇ. ಉಳಿದ ಆರು ಹೆಂಡತಿ, ಮಕ್ಕಳ ಹೆಸರಿನಲ್ಲಿ ಒಂದೊಂದು. ಕಂಪನಿ ಮುಳುಗಿದಾಗ ಸಾಲವನ್ನು ಸಾಲೊಮನ್ನರೇ ತೀರಿಸಲಿ ಎಂದು, ಮುಳುಗಿದ ಕಂಪನಿಯ ಲೆಕ್ಕ ತೀರಿಸುವ ಲಿಕ್ವಿಡೇಟರ್ ಪಟ್ಟು ಹಿಡಿದರು. ಆಗ ಇಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ: ಕಂಪನಿಯೇ ಬೇರೆ ವ್ಯಕ್ತಿ, ಸಾಲೊಮನ್ನರೇ ಬೇರೆ. ನಮ್ಮ ಮನೆ, ಒಡವೆ ಉಳಿಯುವುದು ಈ ತೀರ್ಪಿನ ದೆಸೆಯಿಂದಲೇ. ಕಂಪನಿಯ ಗಲ್ಲಾಕ್ಕೆ ನಾವು ಕೈ ಹಾಕುವಂತಿಲ್ಲದಿರುವುದೂ ಇದರಿಂದಲೇ.

ನನ್ನನ್ನೂ ಕಂಪನಿಯನ್ನೂ ಬೇರೆ ಮಾಡುವ ಈ ಗೋಡೆಯನ್ನು ನಾನೇ ಕೈಯಾರೆ ಒಡೆದದ್ದು ಅಂಗಡಿಯ ಲೀಸಿಗೆ ಸಹಿ ಹಾಕಿದ ದಿನ. ನಲವತ್ತಕ್ಕೂ ಹೆಚ್ಚು ಪುಟ. ಮಗುವಿಗೆ ಜ್ವರ, ಕೀಲಿಕೈ ಇವತ್ತೇ ಸಿಗಬೇಕು ಅನ್ನುವ ಆತುರ. ಕೊನೆಯ ಪುಟಗಳಲ್ಲಿ ಎರಡು ಸಹಿ ಬೇಕಿತ್ತು, ಒಂದು ಕಂಪನಿಯ ಪರವಾಗಿ, ಇನ್ನೊಂದು ನನ್ನ ಸ್ವಂತ ಹೆಸರಿನಲ್ಲಿ. ಎರಡನೆಯದು ಪರ್ಸನಲ್ ಗ್ಯಾರಂಟಿ. ಕಂಪನಿ ಬಾಡಿಗೆ ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂದು ಒಪ್ಪಿ ಬರೆದುಕೊಟ್ಟಂತಾಯಿತು. ಕಟ್ಟಡದ ರಿಪೇರಿಯೆಲ್ಲ ಬಾಡಿಗೆದಾರರದೇ ಎಂದೂ ಅದರಲ್ಲಿತ್ತು. ನಾವು ಹೋಗುವ ಮುಂಚೆಯೇ ಕಿಟಕಿಯ ಚೌಕಟ್ಟು ಲಡ್ಡಾಗಿತ್ತು. ಬೆರಳಿಟ್ಟು ಒತ್ತಿದರೆ ಮರ ಅವಲಕ್ಕಿಯ ಹಾಗೆ ಉದುರುತ್ತಿತ್ತು. ಹೋದ ದಿನವೇ ಫೋಟೋ ತೆಗೆದು ಲೀಸಿಗೆ ಸೇರಿಸಬೇಕಿತ್ತು, ಸೇರಿಸಲಿಲ್ಲ. ಬಿಡುವಾಗ ಹೊಸ ಕಿಟಕಿ ಹಾಕಿಸಿಕೊಟ್ಟೇ ಬಿಡಬೇಕಾಯಿತು. ಅವಧಿ ಮುಗಿದ ಮೇಲೂ ಲೀಸನ್ನು ಮುಂದುವರಿಸಿಕೊಳ್ಳುವ ಹಕ್ಕನ್ನು 1954ರ ಕಾಯ್ದೆ ವ್ಯಾಪಾರಿ ಬಾಡಿಗೆದಾರರಿಗೆ ಕೊಡುತ್ತದೆ. ಆ ಹಕ್ಕನ್ನೂ ನಾನು ಆವತ್ತೇ ಬಿಟ್ಟುಕೊಟ್ಟಿದ್ದೆ. ಎಚ್ಚರಿಕೆಯ ನೋಟಿಸು ಕೊಟ್ಟಿದ್ದರು, ನಾನು ಓದಿರಲಿಲ್ಲ.

ಆಮೇಲೆ 2020 ಬಂತು. ಸುತ್ತಲಿನ ಆಫೀಸುಗಳು ಮುಚ್ಚಿದವು, ಊಟಕ್ಕೆ ಬರುತ್ತಿದ್ದವರು ನಿಂತರು. ಮಾಲೀಕರು ಫೋನಿನಲ್ಲಿ, "ಸದ್ಯಕ್ಕೆ ಅರ್ಧ ಬಾಡಿಗೆ ಕೊಡಿ, ಸಾಕು," ಅಂದರು. ಕಣ್ಣಲ್ಲಿ ನೀರು ಬಂತು. ದೊಡ್ಡ ಮನಸ್ಸು ಅಂದುಕೊಂಡೆ. ಹತ್ತು ತಿಂಗಳು 700 ಪೌಂಡಿನಂತೆ ಕಟ್ಟಿದೆ. 2022ರಲ್ಲಿ ಪತ್ರ ಬಂತು: ಉಳಿದ 7,000 ಪೌಂಡ್, ಬಡ್ಡಿ ಸಮೇತ.

ಹಾಗೆ ಕೇಳುವುದು ಸಾಧ್ಯವೇ ಎಂದು ಎದೆಯುರಿಯಿಂದ ವಕೀಲರ ಬಳಿ ಓಡಿದೆ. ನಮ್ಮ ಭಾರತದಲ್ಲಿ 1872ರ ಕರಾರು ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ಬರಬೇಕಾದವರು ತಾವಾಗಿ ಬಿಟ್ಟುಕೊಟ್ಟರೆ ಬಿಟ್ಟಂತೆಯೇ. ಇಂಗ್ಲೆಂಡಿನಲ್ಲಿ ಹಾಗಲ್ಲ. 1884ರ ಒಂದು ಕೇಸಿನಲ್ಲಿ, ಡಾಕ್ಟರ್ ಫೋಕ್ಸ್ ಎಂಬವರು ಕಂತಿನಲ್ಲಿ ಸಾಲ ತೀರಿಸಿದರೆ ತಾನು ಕೋರ್ಟಿನ ಕ್ರಮಕ್ಕೆ ಹೋಗುವುದಿಲ್ಲ ಎಂದು ಬೀರ್ ಎಂಬ ಹೆಂಗಸು ಬರೆದುಕೊಟ್ಟಿದ್ದರು. ಅಸಲೆಲ್ಲ ಬಂದ ಮೇಲೆ ಬಡ್ಡಿ ಕೇಳಿ ಗೆದ್ದರು. ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಅವರಿಗೆ ಏನೂ ಸಿಕ್ಕಿರಲಿಲ್ಲ, ಅದಕ್ಕೇ ಆ ಮಾತು ನಿಲ್ಲಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹೈ ಟ್ರೀಸ್ ಎಂಬ ಕಟ್ಟಡದ ಬಾಡಿಗೆ ಅರ್ಧಕ್ಕಿಳಿದ ಕೇಸಿನಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಬೇರೆ ದಾರಿ ತೋರಿಸಿದರು: ಮಾತು ನಂಬಿ ನಡೆದವರಿಂದ ಆ ಕಾಲದ ಬಾಕಿ ವಸೂಲಿ ಮಾಡುವುದು ಸಲ್ಲದು. ನನಗೆ ಜೀವ ಬಂದಂತಾಯಿತು. ವಕೀಲರು ಕೇಳಿದರು, "ಹೈ ಟ್ರೀಸ್‌ನ ಮಾಲೀಕರು ಬರಹದಲ್ಲಿ ಒಪ್ಪಿದ್ದರು. ನಿಮ್ಮ ಮಾಲೀಕರು ಎಲ್ಲಿ ಬರೆದಿದ್ದಾರೆ?"

ಎಲ್ಲೂ ಬರೆದಿರಲಿಲ್ಲ. 5,000 ಪೌಂಡಿಗೆ ರಾಜಿಯಾಯಿತು, ವಕೀಲರ ಫೀಸು ಬೇರೆ. ಬಾಡಿಗೆ ಇಳಿಸಿದರೆ, ಸಾಲ ಮನ್ನಾ ಮಾಡಿದರೆ, ಅದನ್ನು ಡೀಡ್ ಎಂಬ ವಿಧಿಬದ್ಧ ಪತ್ರದ ರೂಪದಲ್ಲಿ, ಸಾಕ್ಷಿಯ ಎದುರು ಸಹಿ ಮಾಡಿಸಿಕೊಳ್ಳಿ. ಡೀಡಿನಲ್ಲಿ ಪ್ರತಿಯಾಗಿ ಏನೂ ಕೊಡದಿದ್ದರೂ ಮಾತು ನಿಲ್ಲುತ್ತದೆ. ಅಷ್ಟೂ ಆಗದಿದ್ದರೆ ಫೋನು ಇಟ್ಟ ತಕ್ಷಣ, "ನೀವು ಈಗ ಹೀಗೆ ಹೇಳಿದಿರಿ," ಎಂದು ಮೇಲ್ ಹಾಕಿ. ಅವರನ್ನು ಅವಮಾನಿಸಿದ ಹಾಗಾಗುತ್ತದೆ ಎಂದು ನಮಗೆ ಮುಜುಗರ. ಅವರಿಗೆ ಹಾಗನ್ನಿಸುವುದಿಲ್ಲ.

ಇನ್ನೊಂದು ಮಾತು, ಇದನ್ನು ಗಂಡಸರಿಗೆ ಹೇಳುತ್ತಿದ್ದೇನೆ. ಹೆಂಡತಿಯನ್ನು ಹೆಸರಿಗೆ ಡೈರೆಕ್ಟರ್ ಮಾಡಬೇಡಿ. 2006ರ ಕಂಪನಿ ಕಾಯ್ದೆಯಲ್ಲಿ ಹೆಸರಿಗಷ್ಟೇ ಡೈರೆಕ್ಟರ್ ಎಂಬುದಿಲ್ಲ. ಎಚ್ಚರ, ನಿಷ್ಠೆ, ಲೆಕ್ಕ ಸಲ್ಲಿಸುವ ಹೊಣೆ ಎಲ್ಲವೂ ಆಕೆಯ ತಲೆಯ ಮೇಲೂ ಬೀಳುತ್ತದೆ. ಮಾಡುವುದಾದರೆ ಲೆಕ್ಕ ತೋರಿಸಿ, ಮೀಟಿಂಗಿಗೆ ಕೂರಿಸಿಕೊಳ್ಳಿ.

ತಿಂಡಿಯ ವ್ಯಾಪಾರದವರು ಡಬ್ಬಿಯ ಲೇಬಲ್ ಹಗುರವಾಗಿ ತೆಗೆದುಕೊಳ್ಳಬೇಡಿ. 2021ರ ಅಕ್ಟೋಬರಿನಿಂದ ಅಂಗಡಿಯಲ್ಲೇ ಕಟ್ಟಿ ಮಾರುವ ತಿಂಡಿಯ ಮೇಲೂ ಪದಾರ್ಥಗಳ ಹೆಸರೆಲ್ಲ ಇರಬೇಕು, ಅಲರ್ಜಿ ತರುವ ಹದಿನಾಲ್ಕು ಪದಾರ್ಥಗಳ ಹೆಸರು ಎದ್ದು ಕಾಣಬೇಕು. ಆ ಹದಿನಾಲ್ಕರಲ್ಲಿ ಎಳ್ಳು, ಕಡಲೆಕಾಯಿ, ಸಾಸಿವೆ ಮೂರೂ ಇವೆ. ಇಂಗಿನ ಡಬ್ಬಿ ತಿರುಗಿಸಿ ನೋಡಿ, ಎಷ್ಟೋ ಕಂಪನಿಗಳ ಇಂಗಿಗೆ ಗೋಧಿಹಿಟ್ಟು ಬೆರೆಸಿರುತ್ತಾರೆ. ಒಂದು ಮಗುವಿನ ಉಸಿರಿನ ಪ್ರಶ್ನೆ ಇದು. ಲೆಕ್ಕದ ಗಡುವನ್ನೂ ಮರೆಯಬೇಡಿ: ಕಂಪನೀಸ್ ಹೌಸಿಗೆ ಲೆಕ್ಕ ಒಂದು ದಿನ ತಡವಾದರೂ 150 ಪೌಂಡ್ ದಂಡ. ಆರು ತಿಂಗಳು ಮೀರಿದರೆ 1,500.

ಅಪ್ಪ ತೀರಿಕೊಂಡ ಮೇಲೆ ಅವರ ಉದ್ರಿ ಪುಸ್ತಕವೊಂದನ್ನು ತಂದಿಟ್ಟುಕೊಂಡಿದ್ದೇನೆ. ನನ್ನ ಮಗಳು ಇಲ್ಲೇ ಹುಟ್ಟಿದವಳು, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಾನು ಕಲಿಸಲಿಲ್ಲ, ಅಂಗಡಿ ನಡೆಸಿದ ವರ್ಷಗಳಲ್ಲಿ ಭಾನುವಾರವೂ ಬಿಡುವಿರಲಿಲ್ಲ. ಕಳೆದ ತಿಂಗಳು ಅವಳಿಗೆ ಪುಸ್ತಕ ಓದಿ ಹೇಳಿದೆ: ಯಾರ ಹೆಸರು, ಎಷ್ಟು ಅಕ್ಕಿ, ಎಷ್ಟು ಬೆಲ್ಲ, ಎಷ್ಟು ಬಾಕಿ. ಅವಳು ಹಾಳೆ ತಿರುವುತ್ತಾ ಹೋದಳು. "ಅಮ್ಮಾ, ತಗೊಂಡವರ ಸಹಿ ಎಲ್ಲಿ?"

ಒಂದು ಪುಟದಲ್ಲೂ ಇರಲಿಲ್ಲ. ಬಾಕಿ ತೀರಿದ ಹೆಸರುಗಳ ಮೇಲೆ ಅಪ್ಪ ನೀಲಿ ಶಾಯಿಯಲ್ಲಿ ಗೆರೆ ಎಳೆದಿದ್ದರು. ಹೆಚ್ಚುಕಡಿಮೆ ಎಲ್ಲ ಹೆಸರಿನ ಮೇಲೂ ಆ ಗೆರೆಯಿತ್ತು.